ಒಂದು ಅಂಗಿಗೆ ಐದು ಅಂಕ

ಒಂದು ಅಂಗಿಗೆ ಐದು ಅಂಕ, ಒಂದು ಹಾಸಿಗೆ ಬಟ್ಟೆಗೆ ಹತ್ತು ಅಂಕ. ಆ ಇಸ್ತ್ರಿ ಅಂಗಡಿಯಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಲೆಕ್ಕ ಇದು. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಮೊಹರು ಒತ್ತಿದ್ದಲ್ಲ, ಇಬ್ಬರು ಅಕ್ಕತಂಗಿಯರು ತಾವೇ ಮಾಡಿಕೊಂಡದ್ದು. ತಂಗಿ ಮೇಜಿನ ಮೇಲೆ ಅಂಗಿ ಹರಡಿ ಕಾಲರಿಗೆ ಇಸ್ತ್ರಿ ಇಟ್ಟ ಕೂಡಲೇ ಅಕ್ಕ ಉತ್ತರ ಶುರು ಮಾಡಬೇಕು. ಕಾಲರ್, ಹೆಗಲ ಪಟ್ಟಿ, ಕಫ್, ತೋಳು, ಎದೆ, ಬೆನ್ನು. ಅಂಗಿ ಮಡಿಸಿ ಪಕ್ಕಕ್ಕಿಡುವಷ್ಟರಲ್ಲಿ ಐದು ಅಂಕದ ಉತ್ತರ ಮುಗಿದಿರಬೇಕು. ಪುಸ್ತಕ ಎಲ್ಲಿರುತ್ತಿತ್ತು ಅಂದರೆ, ಇಸ್ತ್ರಿಯಾದ ಹಾಸಿಗೆ ಬಟ್ಟೆಗಳ ರಾಶಿಯ ಅಡಿಯಲ್ಲಿ. ನಡುವೆ ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಸುಕ್ಕಾದರೆ ಅಪ್ಪ ಸುಮ್ಮನೆ ಬಿಡುವ ಆಸಾಮಿಯಲ್ಲ. ಓದುವವರಿಗೆ ಇದಕ್ಕಿಂತ ಕಟ್ಟುನಿಟ್ಟಿನ ಕಾವಲು ಇನ್ನೇನು ಬೇಕು?

ಆ ಅಪ್ಪ ಈಗಿಲ್ಲ. ಕೆಂಡದ ಇಸ್ತ್ರಿಪೆಟ್ಟಿಗೆ ಅಟ್ಟ ಸೇರಿದೆ, ಅದರ ಜಾಗಕ್ಕೆ ಕರೆಂಟಿನ ಇಸ್ತ್ರಿ ಬಂದಿದೆ. ಆದರೆ ಮೇಜು ಅದೇ. ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಕಂಬಳಿಯ ಮೇಲೊಂದು ಬಿಳಿ ಬಟ್ಟೆ, ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ, ಎಲ್ಲ ಹಾಗೇ ಇವೆ. ತಂಗಿಯೂ ಅಲ್ಲೇ ಇದ್ದಾಳೆ, ನಲವತ್ತಾರು ವರ್ಷದವಳಾಗಿ. ಅವಳನ್ನು ಈಗ ಬೀದಿಗೆ ಬೀದಿಯೇ ಚಿಕ್ಕಮ್ಮ ಎಂದು ಕರೆಯುತ್ತದೆ. ಅಕ್ಕನ ಮಗಳು ತೊದಲು ಮಾತಿನ ಕಾಲದಲ್ಲಿ ಇಲ್ಲಿಯ ಬಟ್ಟೆ ಗಂಟುಗಳ ಮೇಲೆ ಹೊರಳಾಡುತ್ತ 'ಚಿಕ್ಕಮ್ಮಾ' ಎಂದು ಕೂಗಿದ್ದೇ ಕೂಗಿದ್ದು, ಗಿರಾಕಿಗಳ ಬಾಯಿಗೂ ಅದೇ ಅಂಟಿಕೊಂಡಿತು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ವಕೀಲರು ಕೂಡ "ಚಿಕ್ಕಮ್ಮ, ನನ್ನ ಬಿಳಿ ಅಂಗಿ ಆಯ್ತಾ?" ಎಂದೇ ಕೇಳುತ್ತಾರೆ.

ಒಂದು ಬೆಳಿಗ್ಗೆ ಚಿಕ್ಕಮ್ಮ ಅಂಗಡಿ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಾಗ ಅಕ್ಕ ಬಂದಳು. ಅವಳ ಹಿಂದೆ, ಪುಸ್ತಕದ ಚೀಲ ಎದೆಗವುಚಿಕೊಂಡು ಮಗಳು. ಅಕ್ಕ ಕೆಲಸ ಮಾಡುವುದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ. ಹತ್ತು ವರ್ಷದ ಹಿಂದೆ ಕಾಲು ಮುರಿದುಕೊಂಡು ಬಂದವನ ಕಡತ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವಂಥವಳು. ದೊಡ್ಡ ದೊಡ್ಡ ಡಾಕ್ಟರುಗಳು ಅವಳ ನೆನಪಿನ ಶಕ್ತಿಗೆ ತಲೆದೂಗುತ್ತಾರೆ. ಆದರೆ ತನ್ನ ತಲೆಯ ಬಗ್ಗೆ ಅವಳಿಗಿರುವಷ್ಟು ಕೀಳು ಅಭಿಪ್ರಾಯ ಶತ್ರುಗಳಿಗೂ ಇರಲಿಕ್ಕಿಲ್ಲ.

"ಇವಳನ್ನ ನಿನ್ನ ಹತ್ರ ಬಿಡೋಕೆ ಬಂದೆ ಕಣೇ," ಎಂದಳು ಅಕ್ಕ, ಕುಳಿತುಕೊಳ್ಳದೆ. "ಅದೇ ಶರೀರಶಾಸ್ತ್ರದ ಪೇಪರು. ಎರಡು ಸಲ ಹೋಯ್ತು. ಈ ಸಲವೂ ಹೋದ್ರೆ ಕಾಲೇಜಿಂದ ಹೆಸರೇ ತೆಗೆದು ಹಾಕ್ತಾರಂತೆ. ಇನ್ನು ಹದಿನೆಂಟು ದಿನ ಇದೆ."

"ನನ್ನ ಹತ್ರ ಬಿಟ್ಟು ಏನು ಮಾಡ್ತೀಯ? ನಾನೇನು ಲೆಕ್ಚರರ್ರಾ?"

"ಮೊದಲೆರಡು ವರ್ಷ ನನ್ನ ಪಾಸು ಮಾಡಿಸಿದ್ದು ಯಾರು? ನೀನೇ ತಾನೆ? ಹಾಗೇ ಇವಳದ್ದೂ ಕೇಳು. ಮೂರನೇ ವರ್ಷದ್ದು ಬಿಡು, ಅದು ನನ್ನ ಹಣೆಬರಹ. ಇವಳನ್ನ ಬೈದು ಏನು ಪ್ರಯೋಜನ ಹೇಳು, ನನ್ನ ತಲೆನೇ ಬಂದಿದೆ ಇವಳಿಗೆ. ಎಷ್ಟು ತುಂಬಿದ್ರೂ ನಿಲ್ಲಲ್ಲ."

ಚಿಕ್ಕಮ್ಮನ ಕೈಯ ಪೊರಕೆ ನಿಂತಿತು. 'ನನ್ನ ತಲೆಗೆ ಅಷ್ಟೇ' ಎನ್ನುವ ಈ ಮಾತನ್ನು ಅವಳು ಇಪ್ಪತ್ತೇಳು ವರ್ಷದಿಂದ ಕೇಳುತ್ತ ಬಂದಿದ್ದಾಳೆ. ಅಕ್ಕ ಅದನ್ನು ಅಳುತ್ತ ಹೇಳುತ್ತಿರಲಿಲ್ಲ, ನಗುತ್ತ ಹೇಳುತ್ತಿದ್ದಳು, ನೆಂಟರಿಷ್ಟರ ಮುಂದೆ ತಮಾಷೆ ಮಾಡಿಕೊಂಡು ಹೇಳುತ್ತಿದ್ದಳು. ಪ್ರತಿ ಸಲವೂ ಚಿಕ್ಕಮ್ಮನ ಗಂಟಲಲ್ಲಿ ಒಂದು ಮಾತು ಎದ್ದು ಬಂದು, ಹಾಗೇ ಕೆಳಗಿಳಿದು ಹೋಗುತ್ತಿತ್ತು. ಅವತ್ತೂ ಹಾಗೇ ಆಯಿತು. ಅಕ್ಕ ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಅಕ್ಕನ ಮಗಳಿಗೆ ಮನೆಯಲ್ಲಿ ಗಿಣಿ ಎಂದು ಹೆಸರು. ಚಿಕ್ಕಂದಿನಲ್ಲಿ ಯಾರು ಏನು ಹೇಳಿದರೂ ಅದನ್ನೇ ತಿರುಗಿ ಒದರುತ್ತಿದ್ದಳು, ಅದಕ್ಕೆ. ಆ ಗಿಣಿ ಈಗ ಇಪ್ಪತ್ತರ ಹುಡುಗಿ. ಬಟ್ಟೆ ಗಂಟಿನ ಮೇಲೆ ಕೂತು ಪುಸ್ತಕ ಬಿಚ್ಚಿದಳು. ನೋಡಿದರೆ ಪುಟಕ್ಕೆ ಪುಟವೇ ಹಳದಿ, ಸುಣ್ಣಬಣ್ಣ ಬಳಿದ ಗೋಡೆಯ ಹಾಗೆ.

"ಇದೇನೇ ಇದು?"

"ಮುಖ್ಯವಾಗಿರೋದಕ್ಕೆ ಹಳದಿ ಪೆನ್ನಲ್ಲಿ ಗುರುತು ಹಾಕೋದು ಚಿಕ್ಕಮ್ಮ."

"ಎಲ್ಲಾ ಹಳದಿನೇ ಇದೆಯಲ್ಲ."

"ಎಲ್ಲಾ ಮುಖ್ಯನೇ." ಗಿಣಿಯ ಮುಖ ಸಪ್ಪಗಾಯಿತು. "ಒಂಬತ್ತು ಸಲ ಓದಿದೀನಿ. ಓದುವಾಗ ಎಲ್ಲಾ ಗೊತ್ತಿರೋ ಹಾಗೇ ಇರುತ್ತೆ. ಅಲ್ಲಿ ಹೋಗಿ ಕೂತ್ರೆ ಬಿಳಿ ಹಾಳೆ ನಾನೂ ಒಬ್ಬರನ್ನೊಬ್ಬರು ನೋಡ್ಕೊಂಡು ಬರ್ತೀವಿ ಅಷ್ಟೇ."

ಚಿಕ್ಕಮ್ಮ ನಗಬಾರದೆಂದುಕೊಂಡರೂ ನಕ್ಕಳು. "ನನಗೂ ಅಂಥ ಗಿರಾಕಿಗಳು ಇದಾರೆ ಕಣೇ. ಎದುರಿಗೆ ಬಂದ್ರೆ 'ಓ ಇವರಾ' ಅನ್ಸುತ್ತೆ, ಬೀದೀಲಿ ಯಾರಾದ್ರೂ ಅವರ ಹೆಸರು ಕೇಳಿದ್ರೆ ಬರಲ್ಲ. ನೀನು ಪುಸ್ತಕದ ಮುಖ ನೋಡಿ ನೋಡಿ ಪರಿಚಯ ಮಾಡ್ಕೊಂಡಿದೀಯ. ಪರೀಕ್ಷೆಲಿ ಕೇಳೋದು ಹೆಸರು. ಕೊಡು ಇಲ್ಲಿ."

ಪುಸ್ತಕ ಕಿತ್ತುಕೊಂಡು ಇಸ್ತ್ರಿಯಾದ ಹಾಸಿಗೆ ಬಟ್ಟೆಗಳ ಅಡಿಗೆ ತಳ್ಳಿದಳು. ಮೇಜಿನ ಮೇಲೆ ಒಂದು ನೀಲಿ ಅಂಗಿ ಹರಡಿದಳು. ಅಂಗಿಗೆ ಐದು ಅಂಕದ ಲೆಕ್ಕ ಹೇಳಿದಳು.

"ಇಸ್ತ್ರಿ ಮುಂದೆ ನಿಂತ್ಕೊಂಡು ಪಾಠ ಒಪ್ಪಿಸ್ಬೇಕಾ?" ಎಂದಳು ಗಿಣಿ.

"ಒಪ್ಪಿಸೋದು ಬೇಡ. ನನಗೆ ಏನೂ ಗೊತ್ತಿಲ್ಲ ಅನ್ಕೊಂಡು ಹೇಳು. ರಕ್ತ ಹೃದಯದ ಒಳಗೆ ಹೇಗೆ ಬಂದು ಹೇಗೆ ಹೋಗುತ್ತೆ?"

ಕಾಲರಿಗೆ ಒಂದು ವಾಕ್ಯ ಬಂತು, ಹೆಗಲ ಪಟ್ಟಿಗೆ ಅರ್ಧ. ಕಫ್ ಮುಟ್ಟುವಷ್ಟರಲ್ಲಿ ಗಿಣಿಯ ಗಂಟು ಖಾಲಿ. ಉಳಿದ ತೋಳು, ಎದೆ, ಬೆನ್ನು ಎಲ್ಲ ಸದ್ದಿಲ್ಲದೆ ಇಸ್ತ್ರಿಯಾದವು. ಚಿಕ್ಕಮ್ಮ ಏನನ್ನೂ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದು ಸುಲಭ, ಅವಳಿಗೆ ಅದೆಷ್ಟು ಕಷ್ಟವಾಯಿತೆಂದು ಅವಳಿಗೇ ಗೊತ್ತು. ಯಾಕೆಂದರೆ ಆ ಉತ್ತರ, ಮೊದಲಿನಿಂದ ಕೊನೆಯವರೆಗೆ, ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಮೂವತ್ತು ವರ್ಷದ ಹಿಂದಿನ ಆ ಬೆಳಗುಗಳನ್ನು ನೆನೆದರೆ ಚಿಕ್ಕಮ್ಮನಿಗೆ ಮೊದಲು ಬರುವುದು ವಾಸನೆ. ಒದ್ದೆ ಬಟ್ಟೆಯ ಮೇಲೆ ಬಿಸಿ ಕಬ್ಬಿಣ ಹಾಯ್ದಾಗ ಏಳುವ ಹಬೆ, ಕೆಂಡದ ಬೂದಿ, ಡಾಕ್ಟರುಗಳ ಕೋಟಿಗೆ ಹಾಕಿದ ಗಂಜಿ. ಅದರ ನಡುವೆ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಐದೈದು ಹೆಜ್ಜೆ ಹಾಕುತ್ತ ಅಕ್ಕ. ಅವಳಿಗೆ ಕಾಲೇಜು ಒಂಬತ್ತಕ್ಕೆ. ಆರರಿಂದ ಎಂಟರವರೆಗೆ ಪಾಠ. ತಾಯಿಯಿಲ್ಲದ ಮನೆ, ಅಪ್ಪನ ಬಲಗೈ ಮಣಿಕಟ್ಟು ಆಗಲೇ ನೋಯತೊಡಗಿತ್ತು. ಮೇಜಿನ ಮುಂದೆ ಯಾರಾದರೊಬ್ಬರು ನಿಲ್ಲಬೇಕಿತ್ತು. ದೊಡ್ಡವಳು ಆಗಲೇ ಕಾಲೇಜಿನ ಮೆಟ್ಟಿಲು ಹತ್ತಿದ್ದಳು, ಚಿಕ್ಕವಳ ಹತ್ತನೇ ತರಗತಿ ಆಗಷ್ಟೇ ಮುಗಿದಿತ್ತು. ಹೀಗಾಗಿ ತಂಗಿ ನಿಂತಳು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಮೊದಲ ವರ್ಷ ತಂಗಿಗೆ ಆ ಪುಸ್ತಕದ ಗಂಧಗಾಳಿಯೂ ಇರಲಿಲ್ಲ. ಅದೇ ಅಕ್ಕನ ಪುಣ್ಯ. ಹೇಳಿದ್ದಕ್ಕೆಲ್ಲ "ಯಾಕೆ?" ಎನ್ನುತ್ತಿದ್ದಳು. "ಮಲಗಿಕೊಂಡು ನೀರು ಕುಡಿದ್ರೂ ಹೊಟ್ಟೆಗೇ ಯಾಕೆ ಹೋಗುತ್ತೆ? ಕಿವಿಗೆ ಯಾಕೆ ಹೋಗಲ್ಲ?" ಎಂಬಂಥ ಪ್ರಶ್ನೆ. ಅಕ್ಕ ಮೊದಲು ತಲೆ ಚಚ್ಚಿಕೊಳ್ಳುವಳು, ಆಮೇಲೆ ಉತ್ತರ ಹುಡುಕುವಳು, ಹುಡುಕಿದ್ದನ್ನು ಇಸ್ತ್ರಿಯವಳಿಗೂ ಅರ್ಥವಾಗುವ ಹಾಗೆ ಹೇಳಲು ಒದ್ದಾಡುವಳು. ಆ ಒದ್ದಾಟದಲ್ಲಿ ಪಾಠ ಅವಳಿಗೆ ರಕ್ತಗತವಾಗುತ್ತಿತ್ತು. ಆ ವರ್ಷ ತರಗತಿಗೇ ಮೊದಲು ಬಂದಳು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಅಂಕಪಟ್ಟಿ ತೋರಿಸಿ, "ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ಬೀಗಿದ. ಅಕ್ಕ ಮಾತ್ರ ಅವತ್ತು ಸಂಜೆ ತಂಗಿಯ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದುಕೊಂಡು, "ಮುಕ್ಕಾಲು ಇವಳದ್ದು" ಎಂದಿದ್ದಳು. ಆ ಮಾತು ನೆನಪಾದರೆ ಚಿಕ್ಕಮ್ಮನಿಗೆ ಈಗಲೂ ಎದೆ ತುಂಬಿ ಬರುತ್ತದೆ, ಅದರ ಬೆನ್ನಿಗೇ ಸಂಕಟವೂ ಆಗುತ್ತದೆ.

ಸಂಕಟ ಯಾಕೆಂದರೆ ಮೂರನೇ ವರ್ಷಕ್ಕೆ ತಂಗಿ ಹಳೆಯ ತಂಗಿಯಾಗಿರಲಿಲ್ಲ. ಅಕ್ಕ ಶರೀರಶಾಸ್ತ್ರದ ದಪ್ಪ ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟು ಹೋದ ದಿನ, ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇವಳು ಅದನ್ನು ಬಟ್ಟೆಗಳ ಅಡಿಯಿಂದ ಎಳೆಯತೊಡಗಿದಳು. ಮೊದಲು ಚಿತ್ರ ನೋಡಿದಳು. ಆಮೇಲೆ ಚಿತ್ರದ ಕೆಳಗಿನ ಸಾಲು, ಆಮೇಲೆ ಪುಟ, ಆಮೇಲೆ ಪಾಠ. ರುಚಿ ಹತ್ತಿತು. ಅಪಧಮನಿ ಶುದ್ಧ ರಕ್ತ ಒಯ್ಯುತ್ತದೆ, ಅಭಿಧಮನಿ ಕೊಳೆ ರಕ್ತ ತರುತ್ತದೆ ಎಂದು ಓದಿದಳು. ನಾಲ್ಕು ಸಾಲು ಬಿಟ್ಟು ನೋಡಿದರೆ, ಶ್ವಾಸಕೋಶದಿಂದ ಶುದ್ಧ ರಕ್ತವನ್ನು ಹೃದಯಕ್ಕೆ ತರುವುದೂ ಅಭಿಧಮನಿಯೇ ಅಂತೆ! ಇದೆಂಥ ಎಡವಟ್ಟು ಎಂದು ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೇ ದಿನ, ಆಸ್ಪತ್ರೆಯಿಂದ ಒಗೆದು ಬೆಳ್ಳಗಾದ ಹಾಸಿಗೆ ಬಟ್ಟೆಗಳ ಗಂಟು ಬಂದಾಗ ಹೊಳೆಯಿತು. ಗಂಟು ಶುದ್ಧವಾಗಿದ್ದರೂ ಅಪ್ಪ ಅದನ್ನು ಎಡಗಡೆ, ಬರುವ ಗಂಟುಗಳ ಕಟ್ಟೆಯ ಮೇಲೆಯೇ ಇಟ್ಟ. ಬರುವುದು ಬರುವ ಗಂಟು, ಹೋಗುವುದು ಹೋಗುವ ಗಂಟು. ಕೊಳೆಯ ಮಾತೇ ಅಲ್ಲ, ದಿಕ್ಕಿನ ಮಾತು. ಹೃದಯಕ್ಕೆ ಬರುವುದೆಲ್ಲ ಅಭಿಧಮನಿ.

ಪುಸ್ತಕದಲ್ಲಿ ಇಲ್ಲದ್ದನ್ನು ತಾನೇ ಕಂಡುಹಿಡಿದೆ ಎಂದು ಹತ್ತೊಂಬತ್ತರ ಹುಡುಗಿಗೆ ನೆಲ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಶ್ವಾಸಕೋಶದ ತನಕ ಬಂದು, ಕೆಳತುಟಿಯ ಎಡಮೂಲೆ ಕಚ್ಚಿಕೊಂಡು ಒಂದು ಕ್ಷಣ ತಡೆದಳೋ ಇಲ್ಲವೋ, ತಂಗಿ "ಅಭಿಧಮನಿ! ಹೃದಯಕ್ಕೆ ಬರ್ತಿದೆಯಲ್ಲ, ಅದಕ್ಕೆ!" ಎಂದಳು. ಅಕ್ಕ ಕಣ್ಣರಳಿಸಿ, "ಅಬ್ಬಾ ನಿನ್ನ ತಲೆಯೇ!" ಎಂದಳು. ಅದೊಂದು ಹೊಗಳಿಕೆ ಸಾಕಾಯಿತು. ಅಂದಿನಿಂದ ಅಕ್ಕ ಎಲ್ಲಿ ತಡೆದರೂ ತಂಗಿಯ ಬಾಯಿ ಮುಂದೆ. ತನಗೂ ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆ. ಇಸ್ತ್ರಿ ಹಿಡಿದವಳೂ ಕಾಲೇಜಿಗೆ ಹೋದವಳಿಗೆ ಎರಡಕ್ಷರ ಹೇಳಿಕೊಡಬಲ್ಲಳು ಎನ್ನುವ ಜಂಬ. ಅಕ್ಕ ವಾಕ್ಯದ ತಲೆ ಹೇಳಿದರೆ ತಂಗಿ ಬಾಲ ಹೇಳುವಳು, ಅಂಗಿಗಳು ಸರಸರನೆ ಮುಗಿಯುವುವು, ಇಬ್ಬರೂ ಎಲ್ಲ ಬಂತು ಎಂದುಕೊಳ್ಳುವರು. ನಿಜವಾಗಿ ಬಂದದ್ದು ಒಬ್ಬಳಿಗೆ. ಪರೀಕ್ಷೆ ಬರೆಯಲು ಹೋದದ್ದು ಇನ್ನೊಬ್ಬಳು.

ಆ ದಿನ ಅಕ್ಕ ಪರೀಕ್ಷೆಯಿಂದ ಬಂದು ಅಂಗಡಿ ಬಾಗಿಲಲ್ಲೇ ನಿಂತಳು. ಅವಳು ಹೇಳಿದ್ದು ಒಂದಕ್ಷರ ತಪ್ಪದೆ ಚಿಕ್ಕಮ್ಮನಿಗೆ ನೆನಪಿದೆ. "ಗೊತ್ತಿರೋ ಪ್ರಶ್ನೆನೇ ಬಂದಿತ್ತು ಕಣೇ. ಶ್ವಾಸಕೋಶದ ತನಕ ಬರೆದೆ. ಅಲ್ಲಿ ನಿಂತ್ಬಿಟ್ಟೆ. ಯಾರೋ ಮುಂದಿಂದು ಹೇಳ್ತಾರೆ ಅನ್ನೋ ಹಾಗೆ ಕಾಯ್ತಾ ಕೂತಿದ್ದೆ. ಎಂಥ ಹುಚ್ಚು ನೋಡು. ಆಮೇಲೆ ಹೊತ್ತೇ ಸಾಲಲಿಲ್ಲ, ಮಿಕ್ಕಿದ್ದೆಲ್ಲ ಹಾಳಾಯ್ತು."

ಆ 'ಯಾರೋ' ಯಾರೆಂದು ತಂಗಿಗೆ ಅಲ್ಲೇ ತಿಳಿಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದಳು, ಅಪ್ಪ ಒಳಗೆ ಬಂದ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಹಾಗೇ ಆಯಿತು. ಫಲಿತಾಂಶ ಬಂತು, ಆ ಒಂದು ಪೇಪರು ಹೋಗಿತ್ತು. ಆರು ತಿಂಗಳ ನಂತರ ಮತ್ತೆ ಬರೆಯಬಹುದಿತ್ತು, ಅಷ್ಟರೊಳಗೆ ಆಸ್ಪತ್ರೆಯ ಕೆಲಸ ಸಿಕ್ಕಿತು. ಡಿಗ್ರಿ ಕೈಗೆ ಬಂದಿದ್ದರೆ ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲಬೇಕಾದವಳು ಕೆಳಗಿನ ದಾಖಲೆ ಕೋಣೆಯಲ್ಲಿ ಕೂತಳು. "ಆಮೇಲೆ ಬರೀತೀನಿ" ಎಂದದ್ದು ಕ್ರಮೇಣ "ನನ್ನ ತಲೆಗೆ ಅಷ್ಟೇ" ಎಂದಾಯಿತು. ಮೇಲಿನವರ ಬಿಳಿ ಕೋಟುಗಳು ವಾರಕ್ಕೆರಡು ಸಲ ಇಸ್ತ್ರಿಗೆ ಬರುತ್ತವೆ. ಅವಕ್ಕೆ ಗಂಜಿ ಹಾಕುವಾಗ ಚಿಕ್ಕಮ್ಮ ಯಾವತ್ತೂ ಹಾಡು ಗುನುಗಿದವಳಲ್ಲ.

ಈಗ ಅದೇ ಮೇಜಿನ ಮುಂದೆ ಅಕ್ಕನ ಮಗಳು. ಒಂದು ಸಲ ಬಾಯಿ ಬಿಟ್ಟು ಅಕ್ಕನ ಓದು ಹಾಳು ಮಾಡಿದವಳು ಮಗಳದ್ದನ್ನೂ ಹಾಳು ಮಾಡಿದರೆ ಆ ಪಾಪವನ್ನು ಎಲ್ಲಿ ತೊಳೆಯುವುದು? ಎರಡನೆಯ ದಿನವೇ ಚಿಕ್ಕಮ್ಮ ಒಂದು ಉಪಾಯ ಹೂಡಿದಳು. ಅಂಗಿಯ ಕಾಲರಿಗೆ ಇಸ್ತ್ರಿ ಇಡುವ ಮುಂಚೆ ಲೋಟದಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಳ್ಳುವುದು, ಅಂಗಿ ಮಡಿಸಿದ ಮೇಲೆಯೇ ನುಂಗುವುದು. ಬಾಯಿಗೆ ಬೀಗ ಹಾಕು ಎಂದು ಲೋಕ ಸುಮ್ಮನೆ ಹೇಳುತ್ತದೆ, ಹಾಕುವುದು ಹೇಗೆಂದು ಕಂಡುಹಿಡಿದವಳು ಇವಳು.

"ಹಲ್ಲುನೋವಾ ಚಿಕ್ಕಮ್ಮ?" ಎಂದಳು ಗಿಣಿ.

ಚಿಕ್ಕಮ್ಮ ಉಬ್ಬಿದ ಕೆನ್ನೆಯಲ್ಲೇ ತಲೆಯಾಡಿಸಿ, 'ನೀನು ಹೇಳು' ಎಂದು ಇಸ್ತ್ರಿಯಿಂದ ಸನ್ನೆ ಮಾಡಿದಳು. 'ಯಾಕೆ?' ಎನ್ನಬೇಕಾದರೆ ಹುಬ್ಬು ಏರಿಸುವಳು. ಗಿಣಿಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಐದಾರು ದಿನದಲ್ಲಿ ಆ ಹುಬ್ಬಿಗೆ ಹೆದರತೊಡಗಿದಳು. ಒಂದು ವಾರಕ್ಕೆ ಕಫ್ ದಾಟಿದಳು, ಹತ್ತನೇ ದಿನ ಎದೆಯ ಗುಂಡಿಗಳ ತನಕ ಬಂದಳು. ಮೂತ್ರಪಿಂಡ, ಯಕೃತ್ತು, ನರಗಳು ಒಂದೊಂದು ಅಂಗಿಯಲ್ಲಿ ಮುಗಿಯತೊಡಗಿದವು. ತಪ್ಪಿದ್ದನ್ನು ಅಂಗಿ ಮುಗಿದ ಮೇಲೆ ಪುಸ್ತಕ ಎಳೆದು ತಾನೇ ನೋಡಿಕೊಳ್ಳುವಳು, ಎರಡು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಇನ್ನೊಂದು ಅಂಗಿಗೆ. ಹಳದಿ ಪೆನ್ನು ಒಣಗಿಹೋಯಿತು, ಯಾರಿಗೂ ಅದರ ನೆನಪಾಗಲಿಲ್ಲ. ಹೃದಯದ ಪಾಠ ಮಾತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು. ಶ್ವಾಸಕೋಶ.

ಹದಿನಾಲ್ಕನೇ ದಿನ ಮೇಜಿನ ಮೇಲೆ ವಕೀಲರ ಬಿಳಿ ಅಂಗಿಯಿತ್ತು. ಗಿಣಿ ಬಾಗಿಲಿನಿಂದ ಗೋಡೆಗೆ ನಡೆಯುತ್ತ ಸಲೀಸಾಗಿ ಹೇಳುತ್ತಿದ್ದಳು. "ಮೈಯಿಂದ ಕೊಳೆ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತೆ. ಅಲ್ಲಿಂದ ಕವಾಟ ದಾಟಿ ಬಲ ಹೃತ್ಕುಕ್ಷಿ. ಅಲ್ಲಿಂದ ಅಪಧಮನಿ ಹಿಡಿದು ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ಲಿ ಶುದ್ಧ ಆಗುತ್ತೆ. ಶುದ್ಧ ಆಗಿ..."

ನಿಂತಳು. ಕೆಳತುಟಿಯ ಎಡಮೂಲೆ ಕಚ್ಚಿಕೊಂಡಳು.

ಅದೇ ತುಟಿ, ಅದೇ ಮೂಲೆ. ಚಿಕ್ಕಮ್ಮನಿಗೆ ಎದುರಿಗೆ ನಿಂತವಳು ಮಗಳೋ ತಾಯಿಯೋ ತಿಳಿಯದಾಯಿತು. ಬಾಯೊಳಗಿನ ನೀರು ಬೆಚ್ಚಗಾಗಿತ್ತು. ಬರುವ ಗಂಟು ಎನ್ನಬೇಕು, ಅಷ್ಟೇ. ಎಡಗಡೆ ಕಟ್ಟೆಯ ಕಡೆ ಕಣ್ಣು ಹೊರಳಿಸಿದರೂ ಸಾಕು, ಹುಡುಗಿಗೆ ಹೊಳೆದೀತು. ಚಿಕ್ಕಮ್ಮ ಕಣ್ಣನ್ನೂ ಅಲುಗಿಸಲಿಲ್ಲ. ಉಸಿರು ಬಿಗಿಹಿಡಿದು ನಿಂತಳು. ಅವಳ ಕೈಯೂ ನಿಂತಿತು, ಕೈಯ ಕೆಳಗಿನ ಇಸ್ತ್ರಿಯೂ ನಿಂತಿತು.

ಗಿಣಿ ಕಣ್ಣು ಮುಚ್ಚಿಕೊಂಡು ಗೊಣಗುತ್ತಿದ್ದಳು. "ಶುದ್ಧ ಆಗಿ ವಾಪಸ್ ಹೃದಯಕ್ಕೆ. ಹೋಗಿದ್ದು ಅಪಧಮನಿಲಿ. ಕೊಳೆ ಇದ್ರೂ ಅಪಧಮನಿ... ಅಂದ್ರೆ ಕೊಳೆಗೂ ಹೆಸರಿಗೂ ಸಂಬಂಧ ಇಲ್ಲ. ಹೋಗೋದು ಅಪಧಮನಿ. ಹಾಗಾದ್ರೆ ಬರೋದು... ಬರೋದು ಅಭಿಧಮನಿ! ಶುದ್ಧ ಇದ್ರೇನು, ಹೃದಯಕ್ಕೆ ಬರ್ತಿದೆಯಲ್ಲ! ಅಲ್ಲಿಂದ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ, ಮೈಗೆಲ್ಲ! ಮುಗೀತು ಚಿಕ್ಕಮ್ಮ!" ಕಣ್ಣು ಬಿಟ್ಟಳು. "ಚಿಕ್ಕಮ್ಮ, ಏನೋ ಸುಡ್ತಿದೆ!"

ಇಸ್ತ್ರಿ ಎತ್ತಿದರೆ ವಕೀಲರ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಅಚ್ಚು, ತುದಿ ಚೂಪಾಗಿ, ಎಲೆಯ ಹಾಗೆ. ಚಿಕ್ಕಮ್ಮ ನೀರು ನುಂಗಿದಳು. ಮೂವತ್ತು ವರ್ಷದಲ್ಲಿ ಅವಳ ಕೈಯಲ್ಲಿ ಸುಟ್ಟ ಮೊದಲ ಬಟ್ಟೆ ಅದು. ಅಪ್ಪನಿದ್ದಿದ್ದರೆ ಅಂಗಡಿ ತಲೆಕೆಳಗಾಗುತ್ತಿತ್ತು. ಇವಳಿಗೆ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ಸಂತೋಷ. ಸಂಜೆ ವಕೀಲರಿಗೆ ಅಂಗಿ ಬಿಡಿಸಿ ತೋರಿಸಿ ತಪ್ಪೊಪ್ಪಿಕೊಂಡಳು. ಅವರು ಕನ್ನಡಕ ಏರಿಸಿ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಮೂವತ್ತು ವರ್ಷಕ್ಕೆ ಮೊದಲನೇ ಅಪರಾಧ. ಬಿಟ್ಟಿದೀನಿ ಹೋಗಿ," ಎಂದು ಅಂಗಿಯನ್ನು ಅಲ್ಲೇ ಬಿಟ್ಟು ಹೋದರು.

ಪರೀಕ್ಷೆಯ ದಿನ ಅಕ್ಕ ರಜೆ ಹಾಕಿ ಅಂಗಡಿಗೆ ಬಂದು ಕೂತಳು. ಎರಡು ಗಂಟೆ ಹೊತ್ತು ಇಬ್ಬರೂ ಹಾಳುಮೂಳು ಮಾತಾಡಿದರು. ಮಧ್ಯಾಹ್ನ ಗಿಣಿ ಬಂದಳು. ಅವಳೂ ಬಾಗಿಲಲ್ಲೇ ನಿಂತಳು.

"ಹೃದಯದ್ದೇ ಬಂದಿತ್ತು. ಶ್ವಾಸಕೋಶದ ಹತ್ರ ನಿಂತೋಯ್ತು ಚಿಕ್ಕಮ್ಮ."

"ಆಮೇಲೆ?"

"ಆಮೇಲೆ ಸುಟ್ಟ ವಾಸನೆ ನೆನಪಾಯ್ತು. ಬಂತು. ಎಲ್ಲಾ ಬಂತು. ಹಸಿವು, ಏನಾದ್ರೂ ಕೊಡಿ ಮೊದಲು."

ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳಿತ್ತು. ಅದು ಬಂದಾಗ ಗಿಣಿ ಪಾಸಾಗಿದ್ದಳು, ಅದೂ ನೂರಕ್ಕೆ ಎಪ್ಪತ್ತೊಂದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಓದುವವರು ಅವಳ ಚಿಂತೆಯಲ್ಲೇ ಕೂರುವುದು ಬೇಡ. ಅವತ್ತು ಗಿಣಿ ಊಟ ಮಾಡಿ ಒಳಗೆ ಹೋಗಿ ಬಟ್ಟೆ ಗಂಟಿನ ಮೇಲೆ ಮಲಗಿ ನಿದ್ದೆ ಹೋದಳು, ಚಿಕ್ಕಂದಿನ ಹಾಗೆಯೇ.

"ಏನೇ ಅದು ಸುಟ್ಟ ವಾಸನೆ?" ಎಂದಳು ಅಕ್ಕ.

ಚಿಕ್ಕಮ್ಮ ಕಪಾಟಿನಿಂದ ವಕೀಲರ ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು, ನಡೆದದ್ದು ಹೇಳಿದಳು. ಬಾಯಲ್ಲಿ ನೀರು ತುಂಬಿಕೊಂಡದ್ದನ್ನು ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ವೇ, ಅದಕ್ಕೆ ಒಂದು ಒಳ್ಳೇ ಅಂಗಿ ಸುಡ್ತಾರಾ? ಮಗು ಅಷ್ಟು ಒದ್ದಾಡ್ತಿದ್ರೆ ಒಂದು ಮಾತು ಹೇಳ್ಬಿಟ್ಟಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು ಅಂತ ನನಗೆ ಗೊತ್ತಕ್ಕ. ಒಂದ್ಸಲ ಹೇಳಿ ನೋಡಿದೀನಿ."

ಅಕ್ಕನ ನಗು ನಿಧಾನಕ್ಕೆ ನಿಂತಿತು. ಚಿಕ್ಕಮ್ಮ ತಲೆ ತಗ್ಗಿಸಿ, ಆ ಕಂದು ಅಚ್ಚಿನ ಮೇಲೆ ಬೆರಳಾಡಿಸುತ್ತ, ಎಲ್ಲವನ್ನೂ ಹೇಳಿದಳು. ಮಧ್ಯಾಹ್ನಗಳಲ್ಲಿ ಕದ್ದು ಓದಿದ್ದು, ಜಂಬ, ವಾಕ್ಯದ ಬಾಲ. "ನಿನ್ನ ತಲೇಲಿ ನಿಲ್ಲದೇ ಇದ್ದಿದ್ದಲ್ಲ ಅಕ್ಕ. ನಿಲ್ಲೋಕೆ ನಾನು ಬಿಡ್ಲಿಲ್ಲ. ನೀನು ಅಲ್ಲಿ ಕಾಯ್ತಾ ಕೂತಿದ್ದು ನನಗೆ. ಅವತ್ತೇ ಗೊತ್ತಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ."

ಅಕ್ಕನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಇಪ್ಪತ್ತೇಳು ವರ್ಷ ನಾನು ದಡ್ಡಿ ಅನ್ಕೊಂಡು ಬದುಕಿದೆ ಕಣೇ. ಹೆತ್ತ ಮಗಳಿಗೂ ಅದನ್ನೇ ಹೇಳಿ ಬೆಳೆಸಿದೆ. ನೀನು ಸುಮ್ಮನಿರಬೇಕಾದಾಗ ಹೇಳ್ದೆ, ಹೇಳ್ಬೇಕಾದಾಗ ಸುಮ್ಮನಿದ್ದೆ. ನಿನಗೇನು ಹೇಳ್ಲಿ ನಾನು?"

"ಬೈಯಿ."

"ಬೈಯೋಕೆ ನನಗೇನು ಬರಲ್ವಾ?" ಅಕ್ಕ ಎದ್ದು ಬಾಗಿಲ ತನಕ ಹೋದಳು. ಹೊರಟೇ ಹೋದಳೆಂದುಕೊಂಡಳು ಚಿಕ್ಕಮ್ಮ. ಆದರೆ ಅಕ್ಕ ಅಲ್ಲಿಂದ ತಿರುಗಿ ಗೋಡೆಯ ಕಡೆ ಬಂದಳು. ಮತ್ತೆ ಬಾಗಿಲ ಕಡೆ ಹೋದಳು. ಐದು ಹೆಜ್ಜೆ. ಆಮೇಲೆ ಮಗಳ ಚೀಲದಿಂದ ಪುಸ್ತಕ ತೆಗೆದು, ಬಿಚ್ಚಿಯೂ ನೋಡದೆ, ಹಾಸಿಗೆ ಬಟ್ಟೆಗಳ ರಾಶಿಯ ಅಡಿಗೆ ತಳ್ಳಿದಳು.

"ಅಂಗಿ ಹಾಕು," ಎಂದಳು.

"ಅಕ್ಕ..."

"ಮಾತಾಡ್ಬೇಡ. ನೀರು ಕುಡಿ. ನುಂಗೀಯ, ಜೋಕೆ."

ಚಿಕ್ಕಮ್ಮ ಲೋಟ ಎತ್ತಿ ಬಾಯಿ ತುಂಬ ನೀರು ಹಿಡಿದುಕೊಂಡಳು. ಗಂಟಿನಿಂದ ಒಂದು ಅಂಗಿ ಎಳೆದು ಕಾಲರಿಗೆ ಇಸ್ತ್ರಿ ಇಟ್ಟಳು. ಅಕ್ಕ ನಡೆಯುತ್ತ ಶುರು ಮಾಡಿದಳು. ಇಪ್ಪತ್ತೇಳು ವರ್ಷದ ತುಕ್ಕು, ಮೊದಲ ವಾಕ್ಯಕ್ಕೇ ಎರಡು ಸಲ ಎಡವಿದಳು. ಹೃತ್ಕರ್ಣ ಎನ್ನಲು ಹೆಗಲ ಪಟ್ಟಿ ಮುಗಿಯಿತು, ಹೃತ್ಕುಕ್ಷಿ ಎನ್ನಲು ಎರಡೂ ಕಫ್ ಮುಗಿದವು. ಆದರೆ ಬಂದಳು. ಅಪಧಮನಿ ಹಿಡಿದು ಶ್ವಾಸಕೋಶದ ತನಕ ಬಂದಳು. ಅಲ್ಲಿ ನಿಂತಳು.

ಕೆಳತುಟಿಯ ಎಡಮೂಲೆ ಕಚ್ಚಿಕೊಂಡು ತಂಗಿಯ ಮುಖ ನೋಡಿದಳು. ಚಿಕ್ಕಮ್ಮ ಈ ಸಲ ಇಸ್ತ್ರಿಯನ್ನು ಬಟ್ಟೆಯಿಂದ ಎತ್ತಿ ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಕೈ ಕಟ್ಟಿಕೊಂಡಳು. ಕೆನ್ನೆ ಉಬ್ಬಿಸಿಕೊಂಡು, ಕಣ್ಣಿಂದ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಹೋಗದೆ, ಕಾದಳು. ಹೊರಗೆ ಯಾರೋ ಗಿರಾಕಿ ಬಂದು ಇಬ್ಬರನ್ನೂ ನೋಡಿ, ಏನೋ ಮನೆಯ ಜಗಳವಿರಬೇಕೆಂದು ಹಾಗೇ ಹೋದರು. ಅಕ್ಕ ಗೋಡೆಯ ತನಕ ನಡೆದಳು, ಬಾಗಿಲ ತನಕ ನಡೆದಳು, ಬೆರಳಲ್ಲಿ ಗಾಳಿಯ ಮೇಲೆ ಏನೋ ದಾರಿ ಬರೆದಳು.

"ಹೋಗಿದ್ದು ಅಪಧಮನಿ," ಎಂದಳು ತನ್ನಷ್ಟಕ್ಕೆ. "ವಾಪಸ್ ಬರೋದು... ಬರೋದು ಅಭಿಧಮನಿ." ಅವಳ ದನಿ ಒಡೆಯಿತು. "ಅಭಿಧಮನಿ ಕಣೇ. ಅಲ್ಲಿಂದ ಎಡ ಹೃತ್ಕರ್ಣ. ಎಡ ಹೃತ್ಕುಕ್ಷಿ. ಮಹಾಪಧಮನಿ. ಆಮೇಲೆ ಮೈಗೆಲ್ಲ."

ಚಿಕ್ಕಮ್ಮ ತೋಳು, ಎದೆ, ಬೆನ್ನು ಮುಗಿಸಿದಳು. ಅಂಗಿ ಮಡಿಸಿ ಬಲಗಡೆಯ ಕಟ್ಟೆಯ ಮೇಲಿಟ್ಟಳು. ಆಮೇಲೆ ನೀರು ನುಂಗಿದಳು.

"ಹೊತ್ತು ಮೀರಿದೆ," ಎಂದಳು. "ನಾಲ್ಕೂವರೆ ಕೊಡ್ತೀನಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಗಂಟಿನಿಂದ ಇನ್ನೊಂದು ಅಂಗಿ ಎಳೆದು ಮೇಜಿನ ಮೇಲೆ ಹರಡಿದಳು.